ಐದು ರಾಣಿ ರೂಪಾಯಿ

26 ಜುಲೈ 2025, ಶನಿವಾರ, ಮೈಸೂರು

ಶ್ರಾವಣ ನಿನ್ನೆ ಶುರುವಾಯಿತು. ಅಟ್ಟದಿಂದ ಪೂಜೆ ಪೆಟ್ಟಿಗೆ ಇಳಿಸಿದೆವು. ಏಣಿ ಹಿಡಿದವರು ಇವರು, ಹತ್ತಿದ್ದು ನಾನು. ಇವರ ಮಂಡಿ ಈಗ ಏಣಿಗೆ ಒಪ್ಪುವುದಿಲ್ಲ. ದೀಪದ ಕಂಬ ಎರಡು, ಪಂಚಪಾತ್ರೆ, ಉದ್ಧರಣೆ, ಕುಂಕುಮದ ಭರಣಿ, ಎಲ್ಲವೂ ಕಪ್ಪಗೆ ಮುಖ ಊದಿಸಿಕೊಂಡು ಕೂತಿವೆ. ನಾಳೆ ಹುಣಸೆಹಣ್ಣು ನೆನೆಹಾಕಬೇಕು.

ಅಮ್ಮನ ಕೆಂಪು ಬಟ್ಟೆಯ ಚೀಲ ಬಿಚ್ಚಿದರೆ ರಾಣಿ ರೂಪಾಯಿ ಮೂರೇ. ವರಮಹಾಲಕ್ಷ್ಮಿ ಕಲಶಕ್ಕೆ ಅಮ್ಮ ಐದು ಹಾಕುತ್ತಿದ್ದಳು. ಒಂದೊಂದಾಗಿ ಬಿಡುವಾಗ ಚೊಂಬಿನ ತಳದಿಂದ ಬರುತ್ತಿದ್ದ ಸದ್ದು ಈಗಲೂ ಕಿವಿಯಲ್ಲಿದೆ. ಉಳಿದೆರಡು ಎಲ್ಲಿ ಎಂದು ಪೆಟ್ಟಿಗೆಯನ್ನೆಲ್ಲ ಕೆದಕಿದ ಮೇಲೆ ನೆನಪಾಯಿತು: ಅಮ್ಮ ತೀರಿಹೋದ ವರ್ಷ ಸಾಮಾನು ಪಾಲಾದಾಗ ಶಿವಮೊಗ್ಗದ ಅತ್ತಿಗೆ ಎರಡು ತೆಗೆದುಕೊಂಡರು. ಕೇಳಿದರೆ ಕೊಟ್ಟಾರು. ಕೇಳುವುದು ಯಾರು?

ರಾತ್ರಿ ಫೋನಿನಲ್ಲಿ ವಿಕ್ಟೋರಿಯಾ ರೂಪಾಯಿ ಅಂತ ಹುಡುಕಿದ್ದಷ್ಟೇ. ಅರ್ಧ ಗಂಟೆಯೊಳಗೆ ಅಡುಗೆ ವಿಡಿಯೊ ನೋಡಿದರೂ ಅದೇ ಜಾಹೀರಾತು, ಪಂಚಾಂಗ ನೋಡಿದರೂ ಅದೇ. ಐದು ನಾಣ್ಯದ ಸೆಟ್, ಹಳೆಯ ಸಂಗ್ರಹ, 1,499 ರೂಪಾಯಿ, ಇನ್ನು ಮೂರೇ ಸೆಟ್ ಉಳಿದಿವೆ. ಬೇಕಿದ್ದದ್ದು ಎರಡು, ಸಿಗುವುದು ಐದು. ಪಕ್ಕದಲ್ಲಿ ಮಲಗಿದ್ದ ಇವರು, "ಬೆಳ್ಳಿ ರೇಟ್ ಎಷ್ಟಿದೆ ಈಗ?" ಎಂದರು. "ಅದೆಲ್ಲ ನಂಗೊತ್ತು, ಮಲ್ಕೊಳ್ಳಿ" ಎಂದೆ. ಆರ್ಡರ್ ಮಾಡಿದೆ.

31 ಜುಲೈ, ಗುರುವಾರ

ಹನ್ನೊಂದಕ್ಕೆ ಪಾರ್ಸೆಲ್ ಬಂತು. "ಬಿಚ್ಚಿ ನೋಡಿ ದುಡ್ಡು ಕೊಡ್ತೀನಪ್ಪ" ಎಂದರೆ ಹುಡುಗ, "ಹಾಗೆಲ್ಲ ಬರಲ್ಲ ಮೇಡಂ, ದುಡ್ಡು ಕೊಟ್ಮೇಲೆ ಬಿಚ್ಕೊಳಿ" ಎಂದ. ಅವನನ್ನು ಏನನ್ನುವುದು? ಕೊಟ್ಟೆ. ಒಳಗೆ ಬಂದು ಕತ್ತರಿ ಹಾಕುವಾಗ ಇವರು ಫೋನ್ ಹಿಡಿದು ವಿಡಿಯೊ ಮಾಡತೊಡಗಿದರು. ಮದುವೆ ಮನೆಯೇ ಇದು ಎಂದು ನಕ್ಕೆ.

ನಗು ಹೆಚ್ಚು ಹೊತ್ತು ಇರಲಿಲ್ಲ. ಕೈಗೆ ಬಿದ್ದಾಗಲೇ ಹಗುರ ಅನ್ನಿಸಿತು. ಅಮ್ಮನ ರೂಪಾಯಿ ಅಂಗೈಯಲ್ಲಿ ಕೂರುತ್ತದೆ, ಇದು ಸುಮ್ಮನೆ ಇರುತ್ತದೆ. ಭೂತಗನ್ನಡಿ ತಂದು ಕಿಟಕಿಯ ಹತ್ತಿರ ಕೂತೆ. ರಾಣಿಯ ಕೆನ್ನೆಯ ಮೇಲೆ ಸಣ್ಣ ಸಣ್ಣ ಗುಳ್ಳೆ, ಸಿಡುಬು ಬಂದು ಹೋದಂತೆ. ಅಕ್ಷರಗಳ ಅಂಚು ಕರಗಿದ ಬೆಣ್ಣೆ. ಐದರಲ್ಲೂ ಕಿವಿಯ ಕೆಳಗೆ, ಅದೇ ಜಾಗದಲ್ಲಿ, ಅದೇ ಉದ್ದದ ಒಂದು ಗೀರು. ಐದು ನಾಣ್ಯ ನೂರೈವತ್ತು ವರ್ಷ ಐದು ದಾರಿಯಲ್ಲಿ ಓಡಾಡಿ ಬಂದಿದ್ದರೆ ಗೀರು ಒಂದೇ ಆಗಲು ಸಾಧ್ಯವೇ? ಯಾವುದೋ ಒಂದು ನಾಣ್ಯದಿಂದ ಅಚ್ಚು ತೆಗೆದು, ಅದರೊಳಗೆ ಎರಕ ಹೊಯ್ದಿದ್ದಾರೆ. ಆ ಮೊದಲ ನಾಣ್ಯಕ್ಕೆ ಬಿದ್ದಿದ್ದ ಗೀರು ಎಲ್ಲದಕ್ಕೂ ಆಸ್ತಿಯಂತೆ ಬಂದಿದೆ. ಅಂಚಿನ ಹಲ್ಲುಗಳ ನಡುವೆ ಸುತ್ತಲೂ ಕೂದಲೆಳೆಯಂಥ ಗೆರೆ, ಅಚ್ಚಿನ ಎರಡು ಹೋಳು ಕೂಡಿದ ಗುರುತು. ಟಂಕಸಾಲೆಯಲ್ಲಿ ಒತ್ತಿದ ನಾಣ್ಯಕ್ಕೆ ಆ ಗೆರೆ ಇರುವುದಿಲ್ಲ.

ಉಳಿದದ್ದನ್ನು ಇವರು ಮುಗಿಸಿದರು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡಿದವರು. "ಇಸವಿ ಎಷ್ಟಿದೆ?" "1862." "ಹೆಸರಿನ ಮುಂದೆ?" "ವಿಕ್ಟೋರಿಯಾ ಎಂಪ್ರೆಸ್." ಸಣ್ಣಗೆ ನಕ್ಕರು. ಆಕೆ ಚಕ್ರವರ್ತಿನಿ ಆದದ್ದೇ 1876ರ ಕಾಯ್ದೆಯಿಂದ. ರೂಪಾಯಿಯ ಮೇಲೆ 'ಕ್ವೀನ್' ಹೋಗಿ 'ಎಂಪ್ರೆಸ್' ಬಂದದ್ದು 1877ರಿಂದ. ನನ್ನ ಮಾರಾಟಗಾರ ಹದಿನೈದು ವರ್ಷ ಮೊದಲೇ ಪಟ್ಟ ಕಟ್ಟಿದ್ದಾನೆ.

1 ಆಗಸ್ಟ್, ಶುಕ್ರವಾರ

ಇವರು ಮನೆಯವರ ಗ್ರೂಪಿಗೆ ಫೋಟೊ ಹಾಕಿಬಿಟ್ಟಿದ್ದಾರೆ! ಬೆಳಿಗ್ಗೆಯೇ ಅಣ್ಣನ ಫೋನು. "ಮ್ಯಾಗ್ನೆಟ್ ಇಟ್ಟು ನೋಡಿದ್ಯೇನೆ? ಅಂಟ್ಲಿಲ್ಲ ಅಂದ್ರೆ ಬೆಳ್ಳಿನೇ ಬಿಡು." ಅಂಟಲಿಲ್ಲ, ನಿಜ. ತಾಮ್ರವೂ ಅಂಟುವುದಿಲ್ಲ, ಹಿತ್ತಾಳೆಯೂ ಇಲ್ಲ, ಜರ್ಮನ್ ಸಿಲ್ವರ್ ಕೂಡ ಇಲ್ಲ. ಅಂಟಿದರೆ ಬೆಳ್ಳಿಯಲ್ಲ ಎನ್ನಬಹುದು. ಅಂಟದಿದ್ದರೆ ಏನೂ ಹೇಳಿದಂತಾಗಲಿಲ್ಲ. ಮಧ್ಯಾಹ್ನ ಚಿಕ್ಕಮ್ಮನ ಮಗಳು ಐಸ್ ಪರೀಕ್ಷೆ ಕಳಿಸಿದಳು: ಬೆಳ್ಳಿಯ ಮೇಲಿಟ್ಟ ಐಸು ಬೇಗ ಕರಗುತ್ತದಂತೆ. ಕರಗುತ್ತದೆ. ತಾಮ್ರದ ಮೇಲೂ ಹೆಚ್ಚುಕಡಿಮೆ ಅಷ್ಟೇ ಬೇಗ. ಶಾಖ ಸಾಗಿಸುವುದರಲ್ಲಿ ಬೆಳ್ಳಿಗೆ 429 ಅಂಕ ಕೊಟ್ಟರೆ ತಾಮ್ರಕ್ಕೆ 401 ಕೊಡಬೇಕು. ಬೆಳ್ಳಿ ನೀರು ಕುಡಿಸಿದ ತಾಮ್ರ ಈ ಪರೀಕ್ಷೆಯನ್ನು ಫಸ್ಟ್ ಕ್ಲಾಸಿನಲ್ಲಿ ಪಾಸು ಮಾಡುತ್ತದೆ.

ಕೆಮಿಸ್ಟ್ರಿ ಪಾಠ ಮಾಡಿ ರಿಟೈರ್ ಆದವಳು ಗ್ರೂಪಿನಲ್ಲಿ ವಾದ ಮಾಡುತ್ತ ಕೂರುವುದಕ್ಕಿಂತ ಅಡುಗೆಮನೆಯಲ್ಲಿ ಒಂದು ಪ್ರಾಕ್ಟಿಕಲ್ ಮಾಡುವುದು ಲೇಸು. ಅಳಿಯಂದಿರು ಯುಗಾದಿಗೆ ಬಂದಾಗ ಬಿಟ್ಟುಹೋದ ಕಾಫಿ ತಕ್ಕಡಿ ಇತ್ತು. ಕಾಫಿಪುಡಿಯನ್ನು ಗ್ರಾಮಿನ ಹತ್ತನೇ ಒಂದು ಪಾಲಿನವರೆಗೆ ತೂಗುವ ಹುಡುಗ! ಅವತ್ತು ನಕ್ಕಿದ್ದೆ, ಇವತ್ತು ಬಾಯಿ ಮುಚ್ಚಿಕೊಂಡು ಬ್ಯಾಟರಿ ಹಾಕಿದೆ.

ಮೊದಲು ಐದನ್ನೂ ಒಟ್ಟಿಗೆ ತೂಗಿದೆ: 52.1 ಗ್ರಾಂ. ಬೆಳ್ಳಿ ರೂಪಾಯಿ ಒಂದು ತೊಲ, ಅಂದರೆ 11.66 ಗ್ರಾಂ. ಸಂತೆಯಲ್ಲಿ ರೂಪಾಯಿಯನ್ನೇ ತೂಕದ ಬಟ್ಟಾಗಿ ಇಡುತ್ತಿದ್ದರು ಎಂದು ಅಜ್ಜ ಹೇಳುತ್ತಿದ್ದದ್ದು ಅದಕ್ಕೇ. ಐದಕ್ಕೆ 58ರ ಮೇಲಿರಬೇಕು. ಸವೆದಿದೆ ಎಂದುಕೊಂಡರೂ ಇಷ್ಟು ಸವೆದರೆ ರಾಣಿಯ ಮೂಗು ಉಳಿಯುವುದಿಲ್ಲ.

ಆಮೇಲೆ ಒಂದು ಲೋಟ ನೀರು ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿದೆ. ನಾಣ್ಯಗಳನ್ನು ಹೂ ಕಟ್ಟುವ ದಾರದಲ್ಲಿ ಬಿಗಿದು, ತಳಕ್ಕೂ ಪಕ್ಕಕ್ಕೂ ತಾಗದಂತೆ ನೀರಿನೊಳಗೆ ತೂಗಿಬಿಟ್ಟೆ. ಆಗ ತಕ್ಕಡಿ ತೋರಿಸುವುದು ನಾಣ್ಯ ಪಕ್ಕಕ್ಕೆ ಸರಿಸಿದ ನೀರಿನ ತೂಕವನ್ನು. ಒಂದೊಂದಾಗಿ ಬಿಟ್ಟಿದ್ದರೆ ಈ ತಕ್ಕಡಿಗೆ ವ್ಯತ್ಯಾಸ ತಿಳಿಯುತ್ತಿರಲಿಲ್ಲ, ಗುಂಪಾಗಿ ಬಿಟ್ಟರೆ ತಿಳಿಯುತ್ತದೆ. ನಾಣ್ಯಗಳ ನಡುವೆ ಗಾಳಿಗುಳ್ಳೆ ಸಿಕ್ಕಿಕೊಳ್ಳುತ್ತದೆ. ಅಲ್ಲಾಡಿಸಿ ಬಿಡಿಸಬೇಕು, ಇಲ್ಲದಿದ್ದರೆ ಲೆಕ್ಕ ಕೆಡುತ್ತದೆ. 6.2 ಬಂತು. 52.1ನ್ನು 6.2ರಿಂದ ಭಾಗಿಸಿದರೆ 8.4. ಅಪ್ಪಟ ಬೆಳ್ಳಿ 10.49. ರಾಣಿ ರೂಪಾಯಿಯಲ್ಲಿ ನೂರಕ್ಕೆ 91.7 ಬೆಳ್ಳಿ, ಉಳಿದದ್ದು ತಾಮ್ರ, ಅದಕ್ಕೆ 10.3ರ ಸುಮಾರು ಬರಬೇಕು. ಎಂಟೂವರೆಯ ಆಸುಪಾಸು ಅಂದರೆ ಹಿತ್ತಾಳೆಯ ನೆಂಟರು.

ಹೋಲಿಕೆಗೆ ಇರಲಿ ಎಂದು ಅಮ್ಮನ ಮೂರನ್ನೂ ಇಳಿಬಿಟ್ಟೆ. ತೂಕ 34.8, ಸರಿದ ನೀರು 3.5. ಭಾಗಿಸಿದರೆ 9.9! ಎದೆ ಧಸಕ್ಕೆಂದಿತು. ಮತ್ತೆ ಮಾಡಿದೆ. ಮತ್ತೆ 9.9. ಅಮ್ಮನ ನಾಣ್ಯವೂ ಖೋಟಾ ಎಂದಾದರೆ ಇನ್ನು ಯಾರನ್ನು ನಂಬುವುದು ಎಂದು ಒಂದು ನಿಮಿಷ ಸುಮ್ಮನೆ ಕೂತೆ. ಆಮೇಲೆ ಕನ್ನಡಕ ಹಾಕಿಕೊಂಡು ಮೊದಲ ಸಲ ಅವನ್ನು ಓದಿದೆ. ಅಷ್ಟು ವರ್ಷ ಕಣ್ಣಿಗೊತ್ತಿಕೊಂಡಿದ್ದೇನೆ, ಓದಿರಲಿಲ್ಲ. ಎರಡು ರಾಣಿಯವೇ, 1885 ಮತ್ತು 1901. ಮೂರನೆಯದರಲ್ಲಿ ರಾಣಿಯೇ ಇಲ್ಲ, ಕಿರೀಟ ತೊಟ್ಟ ಆರನೇ ಜಾರ್ಜ್, 1944.

ಗುಟ್ಟು ಅಲ್ಲಿತ್ತು. 1940ರಿಂದ 1945ರವರೆಗೆ ಯುದ್ಧದ ಕಾಲದ ರೂಪಾಯಿಯಲ್ಲಿ ಬೆಳ್ಳಿ ಅರ್ಧ ಮಾತ್ರ; ಉಳಿದದ್ದು ತಾಮ್ರ, ನಿಕ್ಕಲ್, ಸತು. ಅದರ ಸಾಂದ್ರತೆ ಸುಮಾರು 9.5, ಹಾಗಾಗಿ ಮೂರೂ ಸೇರಿ 9.9. ಲೆಕ್ಕ ಕೂಡಿಬಂತು. ನಾವು ನೀವು ಬೆರೆಸಿದರೆ ಕಲಬೆರಕೆ, ಸರ್ಕಾರ ಬೆರೆಸಿದರೆ ಕಾನೂನು. ಅಮ್ಮ ಎಲ್ಲವನ್ನೂ ರಾಣಿ ರೂಪಾಯಿ ಎಂದೇ ಕರೆದಳು, ಪಾಪ ರಾಜ!

2 ಆಗಸ್ಟ್, ಶನಿವಾರ

ಅಕ್ಕಸಾಲಿಗ ಆಚಾರ್ರ ಅಂಗಡಿಗೆ ಹೋಗಿದ್ದೆ. ಅಶೋಕ ರಸ್ತೆಯ ಗಾಜಿನ ಬಾಗಿಲಿನ ಅಂಗಡಿಗಳ ಹಿಂದಿನ ಗಲ್ಲಿಯಲ್ಲಿ, ಒಬ್ಬರು ಕೂತರೆ ಇನ್ನೊಬ್ಬರು ನಿಲ್ಲಬೇಕಾದಷ್ಟು ಜಾಗ. ಅವರ ಮಗಳು ನನ್ನ ವಿದ್ಯಾರ್ಥಿನಿ. ಐದನ್ನೂ ಮುಂದಿಟ್ಟೆ. ಒಂದನ್ನು ಎತ್ತಿ ಕಲ್ಲಿನ ಮೇಲೆ ಬಿಟ್ಟರು. ಟಪ್ ಎಂದಿತು. ಅಮ್ಮನ 1885ನ್ನು ಬಿಟ್ಟರು. ಣಿಣ್ ಎಂದು ಎಳೆದುಕೊಂಡು ಹೋಯಿತು. "ಇನ್ನೇನು ಬೇಕು ಮೇಡಂ?" ಎಂದರು. ನನಗೆ ಬೇಕಿತ್ತು.

ಒರೆಗಲ್ಲಿನ ಮೇಲೆ ಎರಡನ್ನೂ ಪಕ್ಕಪಕ್ಕದಲ್ಲಿ ಉಜ್ಜಿದರು. ಹೊಸದನ್ನು ಉಜ್ಜುವ ಮೊದಲು ಅಂಚಿಗೆ ಅರ ಹಾಕಿದರು, ಮೇಲಿನ ನೀರನ್ನು ಒರೆ ಹಚ್ಚಿದರೆ ಬೆಳ್ಳಿ ಎಂದೇ ತೋರಿಸುತ್ತದಂತೆ. ಅರ ಹಾಕಿದ ಕಡೆ ಮಾಸಲು ಹಳದಿ ಇಣುಕಿತು. ಎರಡು ಗೆರೆಗಳ ಮೇಲೂ ನೈಟ್ರಿಕ್ ಆ್ಯಸಿಡ್ಡಿನ ತೊಟ್ಟು, ಅದರ ಮೇಲೆ ಉಪ್ಪುನೀರು. ಅಮ್ಮನ ಗೆರೆಯ ಮೇಲೆ ಮೊಸರು ಒಡೆದಂತೆ ಬೆಳ್ಳಗಾಯಿತು. ಪಕ್ಕದ್ದು ಹಸಿರು ನೀರಾಗಿ ಹರಿದುಹೋಯಿತು. ಮೂವತ್ತು ವರ್ಷ ಪಿಯುಸಿ ಮಕ್ಕಳಿಗೆ ಸಿಲ್ವರ್ ಕ್ಲೋರೈಡ್ ಅಂದರೆ ಮೊಸರಿನಂಥ ಬಿಳುಪು ಎಂದು ಬರೆಸಿದವಳು, ಅದನ್ನೇ ನೋಡಲು ಗಲ್ಲಿಯಲ್ಲಿ ಕತ್ತು ಚಾಚಿ ನಿಂತಿದ್ದೆ.

"ಅಮ್ಮನ ಈ ರಾಜನದು ಅರ್ಧ ಬೆಳ್ಳಿ, ಅಲ್ವಾ ಆಚಾರ್ರೇ?" ಎಂದೆ. "ಹೌದು. ಆದ್ರೆ ಲಕ್ಷ್ಮಿಗೆ ಟಚ್ಚು, ಶುದ್ಧತೆ ಕೇಳೋ ಅಭ್ಯಾಸ ಇಲ್ಲ, ಹಾಕಿ ಮೇಡಂ" ಎಂದು ಡ್ರಾಯರಿನಿಂದ ಒಂದು ರೂಪಾಯಿ ತೆಗೆದರು. ಒಂದು ಕಡೆ ಅದೇ ರಾಜ, ಇನ್ನೊಂದು ಕಡೆ ಹುಲಿ, 1947. ಅಯಸ್ಕಾಂತ ಹಿಡಿದರೆ ಪಟ್ಟನೆ ಹಾರಿ ಅಂಟಿತು. ಪೂರಾ ನಿಕ್ಕಲ್. ಇದು ಖೋಟಾ ಅಲ್ಲ, ಸರ್ಕಾರದ್ದೇ ನಾಣ್ಯ. ಆದರೆ ಬೆಳ್ಳಿ ಎಂದು ಮಾರಿಕೊಳ್ಳುವವರಿದ್ದಾರೆ, ತಂದು ತೋರಿಸಿ ಸಪ್ಪೆ ಮುಖದಲ್ಲಿ ಹೋಗುವವರೂ ಇದ್ದಾರೆ. ಅಣ್ಣನ ಅಯಸ್ಕಾಂತಕ್ಕೂ ಒಂದು ಕೆಲಸ ಸಿಕ್ಕಿತು.

ಜರ್ಮನ್ ಸಿಲ್ವರ್ ಬಗ್ಗೆ ಅವರಿಗೆ ಕೋಪವೇನಿಲ್ಲ. ತಾಮ್ರ, ಸತು, ನಿಕ್ಕಲ್ ಸೇರಿದ್ದು, ಹೆಸರಿನಲ್ಲಿ ಬಿಟ್ಟರೆ ಬೆಳ್ಳಿ ಎಲ್ಲೂ ಇಲ್ಲ. "ಅದನ್ನ ಅದು ಅಂತ್ಲೇ ಹೇಳಿ ಮಾರಿದ್ರೆ ಅದೂ ಒಂದು ವ್ಯಾಪಾರವೇ." ಕೋಪ ಇರುವುದು ಟೊಳ್ಳು ವಿಗ್ರಹದೊಳಗೆ ಅರಗು ತುಂಬಿ ಬೆಳ್ಳಿ ರೇಟಿಗೆ ತೂಗುವವರ ಮೇಲೆ. ಕಾಸು ತೆಗೆದುಕೊಳ್ಳಲಿಲ್ಲ.

4 ಆಗಸ್ಟ್, ಸೋಮವಾರ

ದೂರು ಕೊಡಲು ಕೂತು, ಕೊಳ್ಳುವ ಮೊದಲು ಓದಬೇಕಾದ್ದನ್ನು ಇವತ್ತು ಓದಿದೆ. ಮೇಲೆ ದೊಡ್ಡದಾಗಿ 'ಆ್ಯಂಟಿಕ್ ಸಿಲ್ವರ್ ಕಾಯಿನ್'. ಕೆಳಗೆ, ಬೆರಳಿನಿಂದ ನಾಲ್ಕು ಸಲ ಎಳೆದ ಮೇಲೆ, 'ಬಣ್ಣ: ಸಿಲ್ವರ್. ವಸ್ತು: ಅಲಾಯ್.' ಸಿಲ್ವರ್ ಎಂಬುದು ಬಣ್ಣದ ಹೆಸರಂತೆ! ತೂಕ ಎಲ್ಲೂ ಇಲ್ಲ. ಶುದ್ಧತೆ ಎಷ್ಟು ಎಂಬುದಿಲ್ಲ. ಐದು ಸ್ಟಾರ್ ಕೊಟ್ಟವರೆಲ್ಲ ಹೊಗಳಿರುವುದು ಡಬ್ಬಿಯನ್ನು ಮತ್ತು ಬೇಗ ತಲುಪಿದ್ದನ್ನು. ಒಬ್ಬರೂ ನಾಣ್ಯವನ್ನು ಕಲ್ಲಿನ ಮೇಲೆ ಬಿಟ್ಟು ನೋಡಿಲ್ಲ.

ಇವರು ಅವತ್ತು ಕೇಳಿದ ಪ್ರಶ್ನೆಗೆ ಇವತ್ತು ಉತ್ತರ ಬರೆದೆ. ಬೆಳ್ಳಿ ಕಿಲೋಗೆ ಲಕ್ಷ ದಾಟಿ ಕೂತಿದೆ. ಗ್ರಾಮಿಗೆ 110 ಎಂದೇ ಹಿಡಿಯೋಣ. ಒಂದು ರಾಣಿ ರೂಪಾಯಿಯಲ್ಲಿ ಬೆಳ್ಳಿ 10.69 ಗ್ರಾಂ, ಅಂದರೆ ಕರಗಿಸಿ ಮಾರಿದರೂ 1,176 ರೂಪಾಯಿ. ಐದಕ್ಕೆ 5,880. ಅದನ್ನು 1,499ಕ್ಕೆ ಕೊಡುವವನು ದಾನಶೂರ ಕರ್ಣನಾಗಿರಬೇಕು, ಇಲ್ಲವೇ ಕೊಡುತ್ತಿರುವುದು ಬೆಳ್ಳಿಯಾಗಿರಬಾರದು. ಆರನೇ ಕ್ಲಾಸಿನ ಗುಣಾಕಾರ. ನನಗೆ ಬರುತ್ತಿತ್ತು, ಮಾಡಲಿಲ್ಲ.

ಆ್ಯಪಿನ ಯಂತ್ರದ ಜೊತೆ ಮುಕ್ಕಾಲು ಗಂಟೆ ಚಾಟ್. "ಈ ವಸ್ತುವಿಗೆ ರಿಟರ್ನ್ ಇಲ್ಲ" ಎಂಬ ಒಂದೇ ಮಂತ್ರ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಮಾಡಿದೆ. ಮನುಷ್ಯರೇ ಎತ್ತಿದರು. ದೂರಿನ ಸಂಖ್ಯೆ ಬಂತು. 2020ರ ಇ-ಕಾಮರ್ಸ್ ನಿಯಮದಂತೆ ಆ ಕಂಪನಿಯ ಕುಂದುಕೊರತೆ ಅಧಿಕಾರಿ 48 ಗಂಟೆಯೊಳಗೆ ದೂರು ತಲುಪಿತೆಂದು ತಿಳಿಸಬೇಕು, ಒಂದು ತಿಂಗಳಲ್ಲಿ ಇತ್ಯರ್ಥ ಮಾಡಬೇಕು. ಇವರ ವಿಡಿಯೊ, ತಕ್ಕಡಿಯ ಫೋಟೊ, 1862ರ ಎಂಪ್ರೆಸ್ಸಿನ ಫೋಟೊ ಎಲ್ಲ ಸೇರಿಸಿ ಕಳಿಸಿದೆ. ವಿಡಿಯೊಗೆ ನಕ್ಕಿದ್ದೆನೆಂದು ಇವರು ನೆನಪಿಸಲಿಲ್ಲ. ನೆನಪಿಸಿದ್ದರೆ ವಾಸಿಯಿತ್ತು.

7 ಆಗಸ್ಟ್, ಗುರುವಾರ

ಬೆಂಗಳೂರಿನಿಂದ ಮಗಳ ಫೋನು. "ನೀನು ಮೋಸ ಹೋದೆ ಅಂತ ನಾನು ಆನ್‌ಲೈನ್ ಬಿಡ್ಬೇಕೇನಮ್ಮ? ಚಿಕ್ಕಪೇಟೆಗೆ ಹೋಗಿ ಬರೋದ್ರಲ್ಲಿ ಒಂದು ದಿನ ಹೋಗತ್ತೆ." ಅದೂ ಸರಿಯೇ. ಅವಳು ನೋಡಿಟ್ಟಿದ್ದ ಬೆಳ್ಳಿ ದೀಪದ ಜೋಡಿ 1,850 ರೂಪಾಯಿ. ತೂಕ ಕೇಳು ಎಂದೆ. ಸುಮಾರು 150 ಗ್ರಾಂ ಎಂದು ಉತ್ತರ ಬಂತು. "ಭಾಗಿಸು" ಎಂದೆ. ಗ್ರಾಮಿಗೆ ಹನ್ನೆರಡು ರೂಪಾಯಿ ಚಿಲ್ಲರೆ! ಆ ಕಡೆಯಿಂದ ನಗು.

ಆಮೇಲೆ ಇಬ್ಬರೂ ಕೂತು ಇನ್ನೊಂದು ಹುಡುಕಿದೆವು. 62 ಗ್ರಾಂ, 925 ಬೆಳ್ಳಿ, ಬಿಐಎಸ್ ಹಾಲ್‌ಮಾರ್ಕಿನ ಹತ್ತಿರದ ಫೋಟೊ, ಬಿಲ್ಲಿನಲ್ಲಿ ತೂಕವೂ ಶುದ್ಧತೆಯೂ ಬರೆದುಕೊಡುತ್ತಾರೆ, ಹತ್ತು ದಿನದಲ್ಲಿ ವಾಪಸ್ ಮಾಡಬಹುದು. ಬೆಲೆ 9,400. ಒಳಗಿನ ಬೆಳ್ಳಿ 57 ಗ್ರಾಂ ಚಿಲ್ಲರೆ, 6,300 ರೂಪಾಯಿಯದು. ಉಳಿದದ್ದು ಮಜೂರಿ, ತೆರಿಗೆ, ಅವರ ಲಾಭ. ಮಜೂರಿ ಜಾಸ್ತಿಯೇ ಆಯಿತು, ಆದರೆ ಲೆಕ್ಕದಲ್ಲಿ ಸುಳ್ಳಿಲ್ಲ. ಬರೀ 925 ಎಂದು ಚುಚ್ಚಿರುವುದನ್ನು ನಂಬಬೇಡ ಎಂದೂ ಹೇಳಿದೆ. ಅಂಕಿ ಚುಚ್ಚುವ ಮೊಳೆ ಯಾರ ಹತ್ತಿರವೂ ಇರಬಹುದು, ಪಕ್ಕದಲ್ಲಿ ಬಿಐಎಸ್ ಮುದ್ರೆ ಇದೆಯೇ ನೋಡಬೇಕು. ಬರೀ ನಾಣ್ಯ ಸಾಕೆಂದರೆ ಭಾರತ ಸರ್ಕಾರದ ಟಂಕಸಾಲೆಯೇ ಆನ್‌ಲೈನಿನಲ್ಲಿ ಸ್ಮರಣಾರ್ಥ ಬೆಳ್ಳಿ ನಾಣ್ಯ ಮಾರುತ್ತದೆ. ರಾಣಿ ಮಾತ್ರ ಅಲ್ಲಿ ಸಿಗುವುದಿಲ್ಲ.

8 ಆಗಸ್ಟ್, ಶುಕ್ರವಾರ

ಹಬ್ಬ ಚೆನ್ನಾಗಿ ಆಯಿತು. ಮಲ್ಲಿಗೆ ಮೊಳಕ್ಕೆ ಇಷ್ಟು ಎಂದು ಬರೆದರೆ ನಾಳೆ ಓದುವಾಗ ಬೇಜಾರಾಗುತ್ತದೆ, ಬಿಡು. ಕಲಶಕ್ಕೆ ಮೂರೇ ಹಾಕಿದೆ, ರಾಜನನ್ನೂ ಸೇರಿಸಿ. ಸಂಜೆ ಅರಿಸಿನ ಕುಂಕುಮಕ್ಕೆ ಬಂದ ಎದುರುಮನೆ ಅಜ್ಜಿ, "ನಿಮ್ಮಮ್ಮ ಐದು ಹಾಕ್ತಿದ್ದಳಲ್ವೇ?" ಎಂದರು. ಅವರಿಗೆ ನಿನ್ನೆ ಊಟ ಮಾಡಿದ್ದು ನೆನಪಿರುವುದಿಲ್ಲ!

ರಾತ್ರಿ ಅತ್ತಿಗೆ ವಿಡಿಯೊ ಕಾಲ್ ಮಾಡಿ ಶಿವಮೊಗ್ಗದ ಮನೆಯ ಮಂಟಪ ತೋರಿಸಿದರು. "ಅತ್ತೆಯವರ ಎರಡೂ ಕಲಶದಲ್ಲಿದೆ ನೋಡಿ" ಎಂದು ಫೋನನ್ನು ಕಲಶದ ಬಾಯಿಗೇ ಹಿಡಿದರು. ಎಲೆ, ಅಕ್ಕಿ ಬಿಟ್ಟರೆ ಏನೂ ಕಾಣಲಿಲ್ಲ. ಇಸವಿ ಎಷ್ಟಿದೆ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ.

20 ಆಗಸ್ಟ್, ಬುಧವಾರ

1,499 ವಾಪಸ್ ಬಂತು. ವಸ್ತು ಹಿಂತಿರುಗಿಸುವ ಅಗತ್ಯವಿಲ್ಲ ಎಂದು ಸಂದೇಶ. ಅವರಿಗೇ ಬೇಡವಾದ ಮೇಲೆ ಅದರ ಬೆಲೆ ಎಷ್ಟೆಂದು ಗೊತ್ತಾಯಿತಲ್ಲ. ಕುತೂಹಲಕ್ಕೆ ಹೋಗಿ ನೋಡಿದರೆ ಆ ಪುಟ ಇಲ್ಲ. ಅದೇ ಫೋಟೊ, ಅದೇ ಗೀರು, ಬೇರೆ ಅಂಗಡಿಯ ಹೆಸರಿನಲ್ಲಿ 1,299ಕ್ಕೆ ಇದೆ. ಅಲ್ಲೂ ಇನ್ನು ಮೂರೇ ಸೆಟ್ ಉಳಿದಿವೆ. ಅದನ್ನೂ 1915ಕ್ಕೆ ತಿಳಿಸಿದೆ.

3 ಸೆಪ್ಟೆಂಬರ್, ಬುಧವಾರ

ಮೊನ್ನೆ ಒಂದನೇ ತಾರೀಖಿನಿಂದ ಬೆಳ್ಳಿಯ ಹಾಲ್‌ಮಾರ್ಕಿಗೂ ಚಿನ್ನಕ್ಕಿರುವಂಥ ಎಚ್‌ಯುಐಡಿ ಸಂಖ್ಯೆ ಬಂದಿದೆ. ಬಿಐಎಸ್ ಕೇರ್ ಆ್ಯಪಿನಲ್ಲಿ ಆ ಸಂಖ್ಯೆ ಹಾಕಿದರೆ ಯಾವ ವಸ್ತು, ಎಷ್ಟು ಶುದ್ಧ ಎಂಬುದು ತಿಳಿಯುತ್ತದೆ. ಕಡ್ಡಾಯವಲ್ಲ, ಸದ್ಯಕ್ಕೆ ಅಂಗಡಿಯವರ ಇಷ್ಟ. ಹಳೆಯ ಮಾಲಿನ ಮೇಲೆ ಇರುವುದಿಲ್ಲ. ಮಗಳ ದೀಪ ಅದಕ್ಕೆ ಮೊದಲೇ ಬಂದುಬಿಟ್ಟಿದೆ, ಅದಕ್ಕೆ ಬರೀ ಮುದ್ರೆ.

ಖೋಟಾ ಐದನ್ನು ಮನೆಯಲ್ಲಿಟ್ಟರೆ ನಾಳೆ ಮೊಮ್ಮಕ್ಕಳ ಕಾಲಕ್ಕೆ ಇದೂ ಅಜ್ಜಿಯ ರಾಣಿ ರೂಪಾಯಿ ಆಗಿಬಿಡುತ್ತದೆ. ಆಚಾರ್ರ ಹತ್ತಿರ ಒಂದೊಂದಕ್ಕೂ ರಾಣಿಯ ಮುಖದ ಮೇಲೆ ಅಡ್ಡಗೀಟು ಎಳೆಸಿದೆ. ಇವತ್ತು ಕಾಲೇಜಿಗೆ ಹೋಗಿ ಲ್ಯಾಬಿಗೆ ಕೊಟ್ಟು ಬಂದೆ. ಡಬ್ಬಿಯ ಮೇಲೆ ಕೆಂಪು ಶಾಯಿಯಲ್ಲಿ ಬರೆದದ್ದು: ಐದು ನಾಣ್ಯ, 52.1 ಗ್ರಾಂ, ಬೆಳ್ಳಿ ಅಲ್ಲ.